ನೆಗಳೂರಿನ ಕಲ್ಲು ಬಂದ ದಾರಿ

(ಹಾವೇರಿಯಲ್ಲಿ ವಿಜ್ಞಾನ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಅಂದು ವೇಳೆ ಸಾಲದೆ ಬಿಟ್ಟ ಕೆಲವು ಮಾತುಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗುತ್ತಲ, ನೆಗಳೂರು, ಗಳಗನಾಥದ ಕಡೆಯವರು ಕೆಲವರು ಬಂದಿದ್ದೀರಿ ಎಂದು ಸಂಘಟಕರು ಹೇಳಿದರು. ಸಂತೋಷವಾಯಿತು. ಇಂದಿನ ಮಾತು ನಿಮ್ಮ ಹೊಲಗಳಿಂದಲೇ ಶುರುವಾಗುತ್ತದೆ.

1848ರ ಫೆಬ್ರುವರಿಯಲ್ಲಿ ನೆಗಳೂರಿನ ಬಳಿ ಆಕಾಶದಿಂದ ಒಂದು ಕಲ್ಲು ಬಿತ್ತು. ಬಿದ್ದದ್ದನ್ನು ಕಂಡವರಿದ್ದರು, ಕಲ್ಲು ಕೈಗೆ ಸಿಕ್ಕಿತು, ಆಗಿನ ಬ್ರಿಟಿಷ್ ಅಧಿಕಾರಿಗಳು ಅದನ್ನು ದಾಖಲಿಸಿದರು. ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅಂದು ಈ ಸೀಮೆಯೆಲ್ಲ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಾಗಾಗಿ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಆ ಕಲ್ಲು ‘ಧಾರವಾಡ’ ಎಂಬ ಹೆಸರಿನಲ್ಲೇ ಇದೆ. ಜಾತಿ: ಸಾಮಾನ್ಯ ಕಾಂಡ್ರೈಟ್, ಅಂದರೆ ಒಳಗೆ ದುಂಡನೆಯ ಕಾಳುಗಳಿರುವ ಕಲ್ಲು. ನೋಡಿದವರ ಕಣ್ಣೆದುರೇ ನೆಲಕ್ಕೆ ಬಿದ್ದು ದಾಖಲಾದ ಉಲ್ಕಾಶಿಲೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಈ ಜಾತಿಯವೇ.

ಈ ಕಲ್ಲು ಎಲ್ಲಿಂದ ಬಂತು? ‘ಮೇಲಿನಿಂದ’ ಎಂದರೆ ಸಾಲದು. ಮೇಲೆ ಎಂಬುದಕ್ಕೆ ಒಂದು ವಿಳಾಸ ಬೇಕು. ಮಂಗಳ ಮತ್ತು ಗುರುಗ್ರಹಗಳ ನಡುವೆ ಕ್ಷುದ್ರಗ್ರಹಗಳು, ಅಂದರೆ ಸೂರ್ಯನನ್ನು ಸುತ್ತುವ ಸಣ್ಣ ಕಾಯಗಳು, ಹರಡಿಕೊಂಡಿರುವ ಪಟ್ಟಿಯಲ್ಲಿನ ಕಲ್ಲಿನ ಜಾತಿಯ ಕ್ಷುದ್ರಗ್ರಹಗಳೇ ಆ ವಿಳಾಸ ಎಂದು ಇಂದು ನಾವು ಧೈರ್ಯದಿಂದ ಹೇಳುತ್ತೇವೆ. ಹೀಗೆ ಹೇಳುವ ಧೈರ್ಯ ಬಂದದ್ದು ಇತ್ತೀಚೆಗೆ, 2011ರಲ್ಲಿ. ನೆಗಳೂರಿನಲ್ಲಿ ಕಲ್ಲು ಬಿದ್ದ 163 ವರ್ಷಗಳ ಮೇಲೆ! ದೂರದರ್ಶಕದಲ್ಲಿ ಚುಕ್ಕಿಯಾಗಿ ಕಾಣುವುದೂ ಹೊಲದಲ್ಲಿ ಬಿದ್ದದ್ದೂ ಒಂದೇ ಪದಾರ್ಥ ಎಂದು ಸಾಬೀತು ಮಾಡಲು ಅಷ್ಟು ಕಾಲ ಏಕೆ ಬೇಕಾಯಿತು ಎಂಬುದನ್ನು ಹೇಳಲು ಬಂದಿದ್ದೇನೆ.

ಆ ಫೆಬ್ರುವರಿಯಲ್ಲಿ ಮನುಷ್ಯರಿಗೆ ಗೊತ್ತಿದ್ದ ಕ್ಷುದ್ರಗ್ರಹಗಳು ಒಟ್ಟು ಎಂಟು. ಮೊದಲನೆಯದಾದ ಸೀರಿಸ್ ಕಂಡದ್ದು 1801ರ ಜನವರಿ 1ರಂದು, ಸಿಸಿಲಿಯ ಪಲೆರ್ಮೊದಲ್ಲಿ ಪಿಯಾಜಿಯವರಿಗೆ. 1807ರ ಹೊತ್ತಿಗೆ ನಾಲ್ಕಾದವು. ಅಲ್ಲಿಗೆ ಮುಗಿಯಿತು ಎಂದು ಬಹುತೇಕರು ಕೈಬಿಟ್ಟರು. ಕೈಬಿಡದವರು ಕಾರ್ಲ್ ಹೆಂಕೆ. ಅವರು ಪ್ರಾಧ್ಯಾಪಕರಲ್ಲ, ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಹದಿನೈದು ವರ್ಷ ಆಕಾಶ ಹುಡುಕಿ 1845ರಲ್ಲಿ ಐದನೆಯದನ್ನು, 1847ರಲ್ಲಿ ಆರನೆಯದಾದ ಹೀಬಿಯನ್ನು ಕಂಡುಹಿಡಿದರು. ಅದೇ ವರ್ಷ ಲಂಡನ್ನಿನಲ್ಲಿ ಹೈಂಡ್ ಅವರಿಗೆ ಐರಿಸ್ ಮತ್ತು ಫ್ಲೋರಾ ಸಿಕ್ಕವು. ಐದರಿಂದ ಎಂಟರವರೆಗಿನ ಈ ನಾಲ್ಕೂ ಕಲ್ಲಿನ ಜಾತಿಯವು. ಅಂದರೆ ನೆಗಳೂರಿನ ಕಲ್ಲಿನ ಬಂಧುಬಳಗವನ್ನು ಯುರೋಪಿನವರು ಒಂದೊಂದಾಗಿ ಗುರುತಿಸುತ್ತಿದ್ದ ಕಾಲದಲ್ಲೇ ಕಲ್ಲು ಇಲ್ಲಿ ಬಂದು ಬಿದ್ದಿತು. ಆದರೆ ಎರಡನ್ನೂ ಹೊಂದಿಸಿ ನೋಡುವ ಸಾಧನ ಯಾರ ಬಳಿಯೂ ಇರಲಿಲ್ಲ.

ಇನ್ನು ಮದ್ರಾಸಿಗೆ ಬರೋಣ. ಅಲ್ಲಿನ ನುಂಗಂಬಾಕ್ಕಂನಲ್ಲಿ 1792ರಿಂದ ಒಂದು ವೀಕ್ಷಣಾಲಯವಿತ್ತು. 1861ರ ಆರಂಭದಲ್ಲಿ ನಾರ್ಮನ್ ಪಾಗ್ಸನ್ ಅಲ್ಲಿಗೆ ಸರ್ಕಾರಿ ಖಗೋಳಜ್ಞರಾಗಿ ಬಂದರು. ನಕ್ಷತ್ರಗಳ ಹೊಳಪನ್ನು ಅಳೆಯಲು ಇಂದಿಗೂ ಬಳಸುವ ಲೆಕ್ಕ, ಅಂದರೆ ಒಂದು ಮೆಟ್ಟಿಲಿಗೆ 2.512 ಪಟ್ಟು ಎಂಬ ಪ್ರಮಾಣ, ಇವರು ಸೂಚಿಸಿದ್ದು. ಬಂದು ಕೆಲವೇ ವಾರಗಳಲ್ಲಿ, ಏಪ್ರಿಲ್ 17ರಂದು, ತಮ್ಮ ನಕ್ಷೆಯಲ್ಲಿಲ್ಲದ ಒಂದು ಚುಕ್ಕಿ ಅವರಿಗೆ ಕಂಡಿತು. ಅದು 67ನೆಯ ಕ್ಷುದ್ರಗ್ರಹ. ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು. ಹೆಸರೂ ‘ಏಷ್ಯಾ’ ಎಂದೇ.

ಏಷ್ಯಾ ಅಪ್ಪಟ ಕಲ್ಲಿನ ಕ್ಷುದ್ರಗ್ರಹ. ಅಡ್ಡಳತೆ ಸುಮಾರು 58 ಕಿಲೋಮೀಟರ್, ಹುಬ್ಬಳ್ಳಿಯಿಂದ ಗದಗಕ್ಕೆ ಹೋದಷ್ಟು. ಸೂರ್ಯನಿಂದ ಸರಾಸರಿ 36 ಕೋಟಿ ಕಿಲೋಮೀಟರ್ ದೂರದಲ್ಲಿ, ಅಂದರೆ ಭೂಮಿಗಿಂತ ಎರಡೂವರೆ ಪಟ್ಟಿಗೆ ತುಸು ಕಡಿಮೆ ದೂರದಲ್ಲಿ, ಮೂರು ವರ್ಷ ಒಂಬತ್ತು ತಿಂಗಳಿಗೊಮ್ಮೆ ಸುತ್ತು ಹಾಕುತ್ತದೆ. ತನ್ನ ಸುತ್ತ ತಾನು ತಿರುಗಲು ಹದಿನಾರು ಗಂಟೆ. ಈ ‘ಎರಡೂವರೆ ಪಟ್ಟು’ ಎಂಬ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಾಗ್ಸನ್ ಮದ್ರಾಸಿನಿಂದ ಇನ್ನೂ ನಾಲ್ಕನ್ನು ಕಂಡುಹಿಡಿದರು. ಕೊನೆಯದು 1885ರಲ್ಲಿ. ಆಮೇಲೆ ಭಾರತದ ನೆಲದಿಂದ ಹೊಸ ಕ್ಷುದ್ರಗ್ರಹ ಪತ್ತೆಯಾಗಲು ಒಂದು ಶತಮಾನವೇ ಕಾಯಬೇಕಾಯಿತು. 1988ರಲ್ಲಿ ತಮಿಳುನಾಡಿನ ಕಾವಲೂರಿನಿಂದ ಆರ್. ರಾಜಮೋಹನ್ ಕಂಡುಹಿಡಿದದ್ದಕ್ಕೆ ರಾಮಾನುಜನ್ ಎಂಬ ಹೆಸರಿಟ್ಟರು. ಪಾಗ್ಸನ್ ಅವರ ಜೊತೆಗೆ ದುಡಿದ ಚಿಂತಾಮಣಿ ರಘುನಾಥಾಚಾರ್ಯರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1874ರ ಶುಕ್ರ ಸಂಕ್ರಮಣವನ್ನು (ಶುಕ್ರಗ್ರಹ ಸೂರ್ಯನ ಮುಂದೆ ಹಾದುಹೋಗುವುದನ್ನು) ಜನಸಾಮಾನ್ಯರಿಗೆ ವಿವರಿಸಲು ಅವರು ಬರೆದ ಕಿರುಹೊತ್ತಿಗೆ ಕನ್ನಡದಲ್ಲೂ ಅಚ್ಚಾಯಿತು. ಕನ್ನಡದಲ್ಲಿ ಖಗೋಳವನ್ನು ಹೇಳುವ ಕೆಲಸಕ್ಕೆ ನೂರೈವತ್ತು ವರ್ಷಗಳ ಹಿರಿತನವಿದೆ ಎಂಬುದು ಇಲ್ಲಿರುವ ಶಿಕ್ಷಕರಿಗೆ ತಿಳಿದಿರಲಿ.

ಚುಕ್ಕಿಯನ್ನು ನೋಡಿ ಅದು ಕಲ್ಲೆಂದು ಹೇಗೆ ಹೇಳುತ್ತೀರಿ ಎಂದು ಮುಂದಿನ ಸಾಲಿನಲ್ಲಿದ್ದ ವಿದ್ಯಾರ್ಥಿನಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ ಅದು. ಕ್ಷುದ್ರಗ್ರಹಕ್ಕೆ ಸ್ವಂತ ಬೆಳಕಿಲ್ಲ. ಬಿದ್ದ ಬಿಸಿಲಿನಲ್ಲಿ ಎಷ್ಟನ್ನು ಹಿಂದಿರುಗಿಸುತ್ತದೆ ಎಂಬುದು ಮೊದಲ ಸುಳಿವು. ಇಂಗಾಲ ತುಂಬಿದ ಕಪ್ಪು ಕ್ಷುದ್ರಗ್ರಹಗಳು ನೂರಕ್ಕೆ ಐದು ಪಾಲು ಹಿಂದಿರುಗಿಸಿದರೆ, ಕಲ್ಲಿನವು ಇಪ್ಪತ್ತರ ಆಸುಪಾಸು. ಎರಡನೆಯ ಸುಳಿವು ರೋಹಿತದಲ್ಲಿದೆ. ಹಿಂದಿರುಗಿದ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡಿದರೆ, ಕಣ್ಣಿಗೆ ಕಾಣದ ಅವಕೆಂಪಿನಲ್ಲಿ, ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ಅಲೆಯುದ್ದದ ಹತ್ತಿರ ಬೆಳಕು ತಗ್ಗಿರುತ್ತದೆ. ಎರಡು ಮೈಕ್ರಾನಿನ ಹತ್ತಿರ ಮತ್ತೊಂದು ತಗ್ಗು. ಆಲಿವೀನ್ ಮತ್ತು ಪೈರಾಕ್ಸೀನ್ ಎಂಬ ಎರಡು ಖನಿಜಗಳು ಆ ಬೆಳಕನ್ನು ಹೀರುತ್ತವೆ. ಈ ತಗ್ಗುಗಳಿದ್ದವನ್ನು ‘ಎಸ್’ ವರ್ಗಕ್ಕೆ ಸೇರಿಸುತ್ತಾರೆ. ಸೂರ್ಯನಿಗೆ ಹತ್ತಿರವಾದ ಒಳಪಟ್ಟಿಯಲ್ಲಿ ಇವುಗಳದೇ ಮೇಲುಗೈ.

ಪಟ್ಟಿ ಎಂದೊಡನೆ ಬಂಡೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುವ ಸಿನಿಮಾ ದೃಶ್ಯವನ್ನು ದಯವಿಟ್ಟು ಮರೆತುಬಿಡಿ. ಹತ್ತು ಲಕ್ಷಕ್ಕೂ ಹೆಚ್ಚು ಕ್ಷುದ್ರಗ್ರಹಗಳು ಪತ್ತೆಯಾಗಿದ್ದರೂ ಇಡೀ ಪಟ್ಟಿಯನ್ನು ಒಟ್ಟು ಮಾಡಿದರೆ ಚಂದ್ರನ ನೂರರಲ್ಲಿ ಮೂರು ನಾಲ್ಕು ಪಾಲು ತೂಗೀತು, ಅಷ್ಟೆ. ನೌಕೆಗಳು 1970ರ ದಶಕದಿಂದ ಅದನ್ನು ದಾಟಿ ಹೋಗುತ್ತಲೇ ಇವೆ.

ಈಗ ಕಲ್ಲಿನ ಒಳಗೆ ಇಣುಕೋಣ. ಸಾಮಾನ್ಯ ಕಾಂಡ್ರೈಟನ್ನು ಕೊಯ್ದು ನಯ ಮಾಡಿದ ಮುಖವನ್ನು ಭೂತಗನ್ನಡಿಯಲ್ಲಿ ನೋಡಬೇಕು. ಹೊರಗೆ ಉಗುರಿನ ದಪ್ಪವೂ ಇಲ್ಲದ ಕಪ್ಪು ಸಿಪ್ಪೆ. ಗಾಳಿಯನ್ನು ಸೀಳಿ ಬರುವಾಗ ಕರಗಿ ಹೆಪ್ಪುಗಟ್ಟಿದ್ದು. ಒಳಗೆ ಬೂದು ಬಣ್ಣದ ಕಲ್ಲು, ಅದರ ತುಂಬ ಹಿಟ್ಟಿನಲ್ಲಿ ಕಲಸಿದ ಸಾಸಿವೆಯಂತೆ ದುಂಡನೆಯ ಕಾಳುಗಳು. ನಡುನಡುವೆ ಬೆಳಕಿಗೆ ಹಿಡಿದರೆ ಮಿನುಗುವ ಕಬ್ಬಿಣ-ನಿಕ್ಕಲ್ ಚೂರುಗಳು. ಅಯಸ್ಕಾಂತ ಹತ್ತಿರ ತಂದರೆ ಕಲ್ಲು ಎಳೆದುಕೊಳ್ಳುತ್ತದೆ. ಆ ಕಾಳುಗಳಿಗೆ ಕಾಂಡ್ರೂಲ್ ಎಂದು ಹೆಸರು. ಗ್ರಹಗಳು ಹುಟ್ಟುವ ಮೊದಲು ಸೂರ್ಯನ ಸುತ್ತ ಇದ್ದ ಧೂಳು ಎಲ್ಲೋ ಒಮ್ಮೆಲೇ ಸಾವಿರದೈನೂರು ಡಿಗ್ರಿಯಷ್ಟು ಕಾದು, ಕರಗಿ, ಹನಿಯಾಗಿ, ಕೆಲವೇ ಗಂಟೆಗಳಲ್ಲಿ ಗಟ್ಟಿಯಾದದ್ದು. ಯಾವುದು ಅಷ್ಟು ಕಾಯಿಸಿತು ಎಂಬ ಬಗ್ಗೆ ಇಂದಿಗೂ ವಾದಗಳಿವೆ. ವಯಸ್ಸು ಮಾತ್ರ ಖಚಿತ: ಸುಮಾರು 456 ಕೋಟಿ ವರ್ಷ.

ನಮ್ಮದು ಹಳೆಯ ಕಲ್ಲುಗಳ ನಾಡು. ಬ್ರೂಸ್ ಫೂಟ್ 1880ರ ದಶಕದಲ್ಲಿ ‘ಧಾರವಾಡ’ ಎಂದು ಹೆಸರಿಟ್ಟ ಶಿಲಾಸ್ತೋಮವನ್ನು ಜಗತ್ತಿನ ಭೂವಿಜ್ಞಾನಿಗಳೆಲ್ಲ ಬಲ್ಲರು. ಗದಗಿನ ಕಪ್ಪತಗುಡ್ಡದ ಕಲ್ಲುಗಳಿಗೆ 250 ಕೋಟಿಗೂ ಹೆಚ್ಚು ವಯಸ್ಸು. ನೆಗಳೂರಿನಲ್ಲಿ ಬಿದ್ದ ಜಾತಿಯ ಕಲ್ಲಿನ ಮುಂದೆ ಅವೂ ಕಿರಿಯವೇ. ಭೂಮಿ ತನ್ನ ಮೊದಲ ಕಲ್ಲುಗಳನ್ನೆಲ್ಲ ಕರಗಿಸಿ, ತಿರುವಿ, ಮತ್ತೆ ಮಾಡಿಕೊಂಡಿದೆ. ಸೌರವ್ಯೂಹದ ಬಾಲ್ಯ ಹೇಗಿತ್ತು ಎಂದು ತಿಳಿಯಬೇಕಾದರೆ ಕರಗದೆ ಉಳಿದ ಇಂಥ ಕಲ್ಲನ್ನೇ ಕೇಳಬೇಕು. ಅದಕ್ಕೇ ಇದರ ವಿಳಾಸ ಮುಖ್ಯವಾಗುವುದು. ಎಲ್ಲಿಂದ ಬಂತೆಂದು ತಿಳಿಯದಿದ್ದರೆ ಇದು ಹೇಳುವ ಕತೆ ಸೌರವ್ಯೂಹದ ಯಾವ ಭಾಗದ್ದು ಎಂದು ಗೊತ್ತಾಗುವುದಿಲ್ಲ.

ತೊಡಕು ಇದ್ದದ್ದು ಬಣ್ಣದಲ್ಲಿ. ಪ್ರಯೋಗಾಲಯದಲ್ಲಿ ಕಾಂಡ್ರೈಟಿನ ರೋಹಿತ ತೆಗೆದು ಎಸ್ ವರ್ಗದ ಕ್ಷುದ್ರಗ್ರಹದ ರೋಹಿತದ ಪಕ್ಕದಲ್ಲಿಟ್ಟರೆ ತಗ್ಗುಗಳು ಇರಬೇಕಾದಲ್ಲೇ ಇದ್ದವು. ಆದರೆ ಕ್ಷುದ್ರಗ್ರಹ ಹೆಚ್ಚು ಕೆಂಪು, ತಗ್ಗುಗಳ ಆಳವೂ ಕಡಿಮೆ. ಈ ವ್ಯತ್ಯಾಸ ಸಣ್ಣದೆಂದು ತಳ್ಳಿಹಾಕುವಂತಿರಲಿಲ್ಲ. ಎರಡೂ ಬೇರೆ ಬೇರೆ ಪದಾರ್ಥ ಎಂದು ದಶಕಗಳ ಕಾಲ ವಾದಿಸಿದ ದೊಡ್ಡ ವಿಜ್ಞಾನಿಗಳಿದ್ದರು. ಅವರ ಹಟ ನನಗೆ ಮೆಚ್ಚುಗೆಯೇ. ಬಹಳ ಬೀಳುವ ಕಲ್ಲುಗಳೂ ಬಹಳ ಕಾಣುವ ಕ್ಷುದ್ರಗ್ರಹಗಳೂ ಒಂದೇ ಇರಬೇಕು ಎಂಬುದು ಸಲೀಸಾದ ಊಹೆ. ಊಹೆ ಸಲೀಸಾಗಿದೆ ಎಂದು ಅವರು ಒಪ್ಪಲಿಲ್ಲ, ಪುರಾವೆ ಕೇಳಿದರು.

ಮೊದಲ ಪುರಾವೆ ಬಂದದ್ದು ಇಡಾದಿಂದ. ಗುರುಗ್ರಹಕ್ಕೆ ಹೊರಟಿದ್ದ ಗೆಲಿಲಿಯೊ ನೌಕೆ 1993ರ ಆಗಸ್ಟ್ 28ರಂದು ಈ ಕಲ್ಲಿನ ಕ್ಷುದ್ರಗ್ರಹದ ಪಕ್ಕದಲ್ಲಿ, 2,400 ಕಿಲೋಮೀಟರ್ ಅಂತರದಲ್ಲಿ ಹಾದುಹೋಯಿತು. ನೌಕೆಯ ಮುಖ್ಯ ಆಂಟೆನಾ ಬಿಚ್ಚಿಕೊಂಡಿರಲಿಲ್ಲವಾದ್ದರಿಂದ ಚಿತ್ರಗಳು ತಿಂಗಳುಗಟ್ಟಲೆ ಆಮೆಗತಿಯಲ್ಲಿ ಬಂದವು. ಮರುವರ್ಷದ ಫೆಬ್ರುವರಿಯಲ್ಲಿ ಆ್ಯನ್ ಹಾರ್ಚ್ ಎಂಬ ತಂಡದ ಸದಸ್ಯೆ ಒಂದು ಚಿತ್ರದಲ್ಲಿ ಇಡಾದ ಪಕ್ಕ ಸಣ್ಣ ಚುಕ್ಕಿಯೊಂದನ್ನು ಗಮನಿಸಿದರು. ಕ್ಷುದ್ರಗ್ರಹಕ್ಕೂ ಚಂದ್ರನಿರಬಹುದು ಎಂದು ಖಚಿತವಾದದ್ದು ಆಗಲೇ. ಐವತ್ತಾರು ಕಿಲೋಮೀಟರ್ ಉದ್ದದ ಇಡಾಕ್ಕೆ ಒಂದೂವರೆ ಕಿಲೋಮೀಟರಿನಷ್ಟೂ ಇಲ್ಲದ ಡ್ಯಾಕ್ಟಿಲ್! ಸುದ್ದಿಯಾದದ್ದು ಈ ಚಂದ್ರನೇ. ನಮ್ಮ ಕತೆಗೆ ಅದಕ್ಕಿಂತ ಹೆಚ್ಚು ಬೇಕಾದದ್ದು ಇಡಾದ ಕುಳಿಗಳ ಬಣ್ಣ. ಇತ್ತೀಚೆಗೆ ಬಿದ್ದ ಕುಳಿಗಳ ಸುತ್ತಲಿನ ನೆಲ ಕಡಿಮೆ ಕೆಂಪಗಿತ್ತು, ಹಳೆಯ ನೆಲ ಹೆಚ್ಚು ಕೆಂಪಗಿತ್ತು. ಅಂದರೆ ಕೆಂಪು ಹುಟ್ಟಿನಿಂದ ಬಂದದ್ದಲ್ಲ, ತೆರೆದ ಆಕಾಶಕ್ಕೆ ಮೈಯೊಡ್ಡಿ ಬಂದದ್ದು.

ಎರಡನೆಯ ಪುರಾವೆಗೆ ಜಪಾನಿನವರು ಪಟ್ಟ ಪಾಡನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 2003ರ ಮೇ 9ರಂದು ಹಯಬುಸ ನೌಕೆ ಹೊರಟಿತು. ಗುರಿ ಇಟೊಕವ: ಅರ್ಧ ಕಿಲೋಮೀಟರಿಗೆ ತುಸು ಹೆಚ್ಚು ಉದ್ದದ, ಒಳಪಟ್ಟಿಯಿಂದ ಭೂಮಿಯ ಸಮೀಪಕ್ಕೆ ಸರಿದು ಬಂದ ಕಲ್ಲಿನ ಕ್ಷುದ್ರಗ್ರಹ. ನೌಕೆಯ ಮುಖವನ್ನು ಸ್ಥಿರವಾಗಿಡುವ ಮೂರು ಚಕ್ರಗಳಲ್ಲಿ ಎರಡು ಕೆಟ್ಟವು. 2005ರ ನವೆಂಬರಿನಲ್ಲಿ ಅದು ಇಟೊಕವದ ನೆಲ ಮುಟ್ಟಿತು. ಮುಟ್ಟಿದ ಕ್ಷಣ ಸಣ್ಣ ಗುಂಡೊಂದನ್ನು ಹಾರಿಸಿ ಎದ್ದ ಧೂಳನ್ನು ಹಿಡಿಯಬೇಕಿತ್ತು. ಗುಂಡು ಹಾರಲೇ ಇಲ್ಲ. ಮೇಲೇರುವಾಗ ಇಂಧನ ಸೋರಿತು, ನೌಕೆ ಗಿರಗಿರನೆ ತಿರುಗತೊಡಗಿ ಸಂಪರ್ಕವೇ ಕಡಿಯಿತು. ಏಳು ವಾರಗಳ ಮೇಲೆ ಕ್ಷೀಣವಾದ ಸಂಕೇತ ಸಿಕ್ಕಿತು. 2007ರಲ್ಲಿ ಮರಳಬೇಕಿದ್ದ ನೌಕೆಯನ್ನು ಮೂರು ವರ್ಷ ತಡವಾಗಿ ಕರೆತರುವ ಹಾದಿ ಹಾಕಿದರು. ಮನೆಯ ಹಾದಿಯಲ್ಲಿ ಅಯಾನ್ ಎಂಜಿನ್‌ಗಳೂ ಕೈಕೊಟ್ಟಾಗ, ಒಂದು ಎಂಜಿನ್ನಿನ ಕೆಡದ ಭಾಗವನ್ನು ಇನ್ನೊಂದರ ಕೆಡದ ಭಾಗಕ್ಕೆ ಜೋಡಿಸಿ ಓಡಿಸಿದರು. 2010ರ ಜೂನ್ 13ರ ರಾತ್ರಿ ನೌಕೆ ಆಸ್ಟ್ರೇಲಿಯಾದ ವೂಮೆರಾದ ಮೇಲೆ ಉರಿದುಹೋಯಿತು. ಅದು ಬಿಟ್ಟ ಸಣ್ಣ ಪೆಟ್ಟಿಗೆ ಮಾತ್ರ ಪ್ಯಾರಾಚೂಟಿನಲ್ಲಿ ಇಳಿಯಿತು.

ಪೆಟ್ಟಿಗೆ ತೆರೆದಾಗ ಕಣ್ಣಿಗೆ ಕಾಣುವಂಥದ್ದು ಏನೂ ಇದ್ದಂತಿರಲಿಲ್ಲ. ಟೆಫ್ಲಾನಿನ ಪುಟ್ಟ ಸಟ್ಟುಗದಂಥ ಸಾಧನದಿಂದ ಒಳಗೋಡೆಯನ್ನು ಸವರಿ, ಸೂಕ್ಷ್ಮದರ್ಶಕದ ಕೆಳಗೆ ಹಿಡಿದರು. ಸಾವಿರದೈನೂರಕ್ಕೂ ಹೆಚ್ಚು ಕಣಗಳು! ಹೆಚ್ಚಿನವು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತ ಚಿಕ್ಕವು. ಗುಂಡು ಹಾರದಿದ್ದರೂ ನೆಲ ಮುಟ್ಟಿದ ಅಲುಗಾಟಕ್ಕೇ ಧೂಳು ಎದ್ದು ಒಳಸೇರಿತ್ತು. 2011ರ ಆಗಸ್ಟಿನಲ್ಲಿ ಫಲಿತಾಂಶ ಬಂತು. ಖನಿಜಗಳು, ಅವುಗಳ ಪ್ರಮಾಣ, ಎಲ್ಲವೂ ಸಾಮಾನ್ಯ ಕಾಂಡ್ರೈಟಿನದೇ, ಅದರಲ್ಲೂ ಕಬ್ಬಿಣ ಕಡಿಮೆಯಿರುವ ಎಲ್‌ಎಲ್ ಎಂಬ ಪಂಗಡದ್ದು. ಕಣಗಳ ಮೇಲ್ಮೈಯಲ್ಲಿ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗಿಂತ ತೆಳುವಾದ ಪದರದಲ್ಲಿ, ಕಬ್ಬಿಣದ ಅತಿಸೂಕ್ಷ್ಮ ಬಿಂದುಗಳಿದ್ದವು. ಸೂರ್ಯನಿಂದ ಬೀಸುವ ಸೌರಮಾರುತದ ಕಣಗಳೂ ಸೂಕ್ಷ್ಮ ಉಲ್ಕೆಗಳೂ ಬಡಿದು ಬಡಿದು ಖನಿಜದೊಳಗಿನ ಕಬ್ಬಿಣವನ್ನು ಹೊರಗೆಳೆದಿದ್ದವು. ಕೆಂಪಿಗೆ ಕಾರಣ ಅದೇ. ಹೊಲಕ್ಕೆ ಬೀಳುವ ಕಲ್ಲಿನ ಹೊರಮೈ ಗಾಳಿಯಲ್ಲಿ ಉರಿದುಹೋಗುವುದರಿಂದ ಆ ಪದರ ನಮ್ಮ ಕೈಗೆ ಸಿಗುತ್ತಲೇ ಇರಲಿಲ್ಲ. ವಾದ ಅಲ್ಲಿಗೆ ಮುಗಿಯಿತು.

ಇಷ್ಟಾದ ಮೇಲೆ ಉಳಿದದ್ದು ಸಾಗಾಟದ ಪ್ರಶ್ನೆ. ಕಲ್ಲು ಅಲ್ಲಿಂದ ಇಲ್ಲಿಗೆ ಬರುವುದು ಹೇಗೆ? ಆಗಲೇ ನೆನಪಿಡಲು ಹೇಳಿದ ಎರಡೂವರೆ ಪಟ್ಟಿಗೆ ಹಿಂದಿರುಗೋಣ. ಸೂರ್ಯನಿಂದ ಭೂಮಿಗಿರುವ ದೂರದ ಎರಡೂವರೆ ಪಟ್ಟು ದೂರದಲ್ಲಿ ಪಟ್ಟಿ ಬಹುತೇಕ ಖಾಲಿ. ಅಲ್ಲಿದ್ದದ್ದು ಮೂರು ಸುತ್ತು ಮುಗಿಸುವಷ್ಟರಲ್ಲಿ ಗುರುಗ್ರಹ ಒಂದು ಸುತ್ತು ಮುಗಿಸುತ್ತದೆ. ಗುರುವಿನ ಸೆಳೆತ ಪ್ರತಿ ಬಾರಿಯೂ ಅದೇ ತಾಳಕ್ಕೆ ಬಿದ್ದು, ಕಕ್ಷೆ ಮೊಟ್ಟೆಯಂತೆ ಉದ್ದುದ್ದವಾಗಿ, ಕೊನೆಗೆ ಭೂಮಿಯ ಕಕ್ಷೆಯನ್ನು ಕತ್ತರಿಸುತ್ತದೆ. 1866ರಲ್ಲಿ ಅಮೆರಿಕದ ಖಗೋಳಜ್ಞ ಕರ್ಕ್‌ವುಡ್ ಈ ಖಾಲಿ ಜಾಗಗಳನ್ನು ಗುರುತಿಸಿದರು. ನಮ್ಮ ಏಷ್ಯಾದ ಸರಾಸರಿ ದೂರ 2.42 ಪಟ್ಟು, ಖಾಲಿ ಜಾಗದ ಈಚೆಗೇ. ಏಷ್ಯಾದಷ್ಟು ದೊಡ್ಡದು ಅಲ್ಲಿಗೆ ಜಾರುವುದಿಲ್ಲ. ಡಿಕ್ಕಿಗಳಲ್ಲಿ ಸಿಡಿದ ಚಿಕ್ಕ ಚೂರುಗಳು ಜಾರುತ್ತವೆ. ಬಿಸಿಲಿಗೆ ಕಾದ ಮೈ ತಿರುಗುತ್ತ ಆ ಶಾಖವನ್ನು ಹೊರಗೆ ಬಿಡುವಾಗ ಹುಟ್ಟುವ ಅತ್ಯಲ್ಪ ನೂಕು ಸಾಕು, ಲಕ್ಷಾಂತರ ವರ್ಷಗಳಲ್ಲಿ ಅವು ಸರಿದು ಸರಿದು ಆ ಜಾಗ ತಲುಪುತ್ತವೆ.

ಮೂಲ ಯಾವುದು ಎಂಬ ಹುಡುಕಾಟ ಈಗ ಇನ್ನೂ ಹತ್ತಿರಕ್ಕೆ ಬಂದಿದೆ. ಬಹುಕಾಲ ಹೆಂಕೆಯವರ ಹೀಬಿಯತ್ತ ಬೆರಳು ತೋರಿಸುತ್ತಿದ್ದರು. 2024ರಲ್ಲಿ ಪ್ರಕಟವಾದ ಅಧ್ಯಯನಗಳು, ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಮೂರೇ ಕುಟುಂಬಗಳಿಂದ ಬರುತ್ತವೆ ಎನ್ನುತ್ತವೆ: ಮಸ್ಸಾಲಿಯಾ, ಕರಿನ್, ಕೊರೊನಿಸ್. ದೊಡ್ಡ ಕ್ಷುದ್ರಗ್ರಹವೊಂದು ಒಡೆದಾಗ ಉಂಟಾದ ಚೂರುಗಳ ಗುಂಪಿಗೆ ಕುಟುಂಬ ಎನ್ನುತ್ತಾರೆ. ಚಂದ್ರನಿರುವ ಇಡಾ ಕೊರೊನಿಸ್ ಕುಟುಂಬದ್ದೇ.

ಇಂಥದ್ದು ಬಂದು ಊರಿನ ಮೇಲೆ ಬಿದ್ದರೆ ಗತಿಯೇನು ಎಂದು ಹಿರಿಯರೊಬ್ಬರು ಕೇಳಿದರು. 2013ರಲ್ಲಿ ರಷ್ಯಾದ ಚೆಲ್ಯಾಬಿನ್‌ಸ್ಕ್ ಮೇಲೆ ಸುಮಾರು ಇಪ್ಪತ್ತು ಮೀಟರಿನ ಕಲ್ಲು ಸಿಡಿದು, ಕಿಟಕಿ ಗಾಜು ಒಡೆದು ಸುಮಾರು ಸಾವಿರದೈನೂರು ಜನ ಗಾಯಗೊಂಡರು. ಅದೂ ಇಟೊಕವದ ಪಂಗಡದ ಕಾಂಡ್ರೈಟೇ. 2022ರ ಸೆಪ್ಟೆಂಬರಿನಲ್ಲಿ ನಾಸಾ ನೌಕೆಯೊಂದನ್ನು ಡೈಮಾರ್ಫಸ್ ಎಂಬ ಪುಟ್ಟ ಕಲ್ಲಿನ ಚಂದ್ರನಿಗೆ ಗುದ್ದಿಸಿ, ಅದರ ಸುತ್ತಿನ ಅವಧಿಯನ್ನು ಅರ್ಧ ಗಂಟೆಗೂ ಹೆಚ್ಚು ಕಡಿಮೆ ಮಾಡಿತು. ದಾರಿ ತಪ್ಪಿಸಲು ಸಾಧ್ಯ ಎಂದು ತೋರಿಸಿದ ಪ್ರಯೋಗ ಅದು. ಮುಂಚಿತವಾಗಿ ಕಂಡಿರಬೇಕು, ಅಷ್ಟೆ.

ನೆಗಳೂರಿನ ಕಲ್ಲಿನ ಪೂರ್ತಿ ವಿಳಾಸ ನಮಗೆ ಸಿಗಲಾರದು. ಅದು ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬಂತೆಂದು ಅಳೆದವರಿಲ್ಲ. ಬೀಳುವ ಕಲ್ಲಿನ ದಾರಿಯನ್ನು ಕ್ಯಾಮೆರಾಗಳಿಂದ ಹಿಡಿದು, ಅದರ ಕಕ್ಷೆ ಲೆಕ್ಕ ಹಾಕಿ, ಕಲ್ಲನ್ನೂ ಹುಡುಕಿ ತೆಗೆದದ್ದು ಮೊದಲ ಬಾರಿಗೆ 1959ರಲ್ಲಿ, ಈಗಿನ ಚೆಕ್ ಗಣರಾಜ್ಯದ ಪ್ರಿಬ್ರಾಮ್‌ನಲ್ಲಿ. ಇಂದಿಗೂ ಅಂಥವು ಕೆಲವು ಡಜನ್ ಮಾತ್ರ. ಚೆಲ್ಯಾಬಿನ್‌ಸ್ಕ್ ಕಲ್ಲಿನ ಕಕ್ಷೆ ತಿಳಿದದ್ದು ಬಹುಪಾಲು ಕಾರುಗಳ ಮತ್ತು ಬೀದಿಯ ಕ್ಯಾಮೆರಾಗಳಿಂದ. ಅಂಥ ಕ್ಯಾಮೆರಾಗಳು ಈಗ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಅಂಗಡಿ, ಪೆಟ್ರೋಲ್ ಬಂಕ್, ಮಾರುಕಟ್ಟೆಗಳಲ್ಲೆಲ್ಲ ಇವೆ.

ಹಾಗಾಗಿ ಇದನ್ನು ಬರೆದುಕೊಳ್ಳಿ. ರಾತ್ರಿ ಹಗಲಾಗುವಂಥ ಬೆಂಕಿಯುಂಡೆ ಕಂಡರೆ ಮೊದಲು ಗಡಿಯಾರ ನೋಡಿ, ನಿಂತ ಜಾಗವನ್ನೂ ಯಾವ ಮರ ಅಥವಾ ಕಟ್ಟಡದ ಮೇಲೆ ಕಂಡಿತೆಂಬುದನ್ನೂ ಗುರುತಿಸಿಕೊಳ್ಳಿ. ಬೆಳಗಾಗುತ್ತಲೇ ಆಸುಪಾಸಿನ ಕ್ಯಾಮೆರಾಗಳ ದೃಶ್ಯವನ್ನು ಬೇರೆಡೆ ಉಳಿಸಿಡಲು ಹೇಳಿ. ಯಂತ್ರಗಳು ಕೆಲವು ವಾರಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತವೆ. ಕ್ಯಾಮೆರಾದ ಗಡಿಯಾರಕ್ಕೂ ಮೊಬೈಲಿನ ಗಡಿಯಾರಕ್ಕೂ ಎಷ್ಟು ಸೆಕೆಂಡು ವ್ಯತ್ಯಾಸವಿದೆ ಎಂದು ಬರೆದಿಡಿ. ಎರಡು ಮೂರು ಊರುಗಳ ದೃಶ್ಯ ಸಿಕ್ಕರೆ ಕಕ್ಷೆಯ ಲೆಕ್ಕ ಆಗುತ್ತದೆ. ಎರೆ ಹೊಲದಲ್ಲಿ ಕಪ್ಪು ಸಿಪ್ಪೆಯ ಹೊಸ ಕಲ್ಲು ಸಿಕ್ಕರೆ ತೊಳೆಯಬೇಡಿ, ಒಡೆಯಬೇಡಿ. ಹೊಲದಲ್ಲಿ ಸಿಕ್ಕ ಕಲ್ಲಿಗೆ ಅಯಸ್ಕಾಂತ ತಾಗಿಸುವುದೂ ಬೇಡ, ಏಕೆಂದರೆ ಕಲ್ಲಿನೊಳಗೆ ಉಳಿದಿರುವ ಹಳೆಯ ಕಾಂತತ್ವ ಅಳಿಸಿಹೋಗುತ್ತದೆ. ಬಿದ್ದ ಗುಳಿಯ ಫೋಟೊ ತೆಗೆದು, ಕಲ್ಲನ್ನು ಒಣ ಕಾಗದದಲ್ಲಿ ಸುತ್ತಿ, ತಹಶೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಕಾಪಾಡುವ ಹೊಣೆ ಅವರದು.